ಮಾತು ಬಿಟ್ಟವರ ಕಂಪನಿ ಚರಿತ್ರೆ

ಒಂದು ಕಂಪನಿಯ ಚರಿತ್ರೆ ಬರೆಯಲು ಮಾಡಿದ ಸಂಪಾದಕ ಮಂಡಳಿಯ ಮೊದಲ ಸಭೆಯಲ್ಲಿ ನನ್ನನ್ನು ಇಬ್ಬರು ಹಿರಿಯರ ನಡುವೆ ಕೂರಿಸಿದರು. ಮರ್ಯಾದೆ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಎಡಗಡೆ ಕೂತಿದ್ದ ದೊಡ್ಡ ಯಜಮಾನರು ನನ್ನತ್ತ ತಿರುಗಿ, “ಮೇಷ್ಟ್ರೇ, ಆ ಫ್ಯಾನು ಒಂದೀಟು ಕಮ್ಮಿ ಮಾಡಾಕ ಹೇಳ್ರಿ ಅವನಿಗೆ” ಎಂದರು. ಫ್ಯಾನಿನ ಗುಂಡಿ ಬಲಗಡೆ ಕೂತಿದ್ದ ಅವರ ತಮ್ಮನ ಕೈಗೆ ಎಟುಕುವಂತಿತ್ತು. ನಾನು ಬಾಯಿ ತೆರೆಯುವ ಮೊದಲೇ ತಮ್ಮ ಎದ್ದು ಫ್ಯಾನು ಕಡಿಮೆ ಮಾಡಿ, ನನ್ನನ್ನು ನೋಡಿ, “ಸಾಕಾತೇನಂತ ಕೇಳ್ರಿ” ಎಂದರು. ಅಣ್ಣ ಸಾಕೆಂದು ತಲೆಯಾಡಿಸಿದರು. ಆ ತಲೆಯಾಡಿಸಿದ್ದೂ ನನಗೇ.

ಕೊಟ್ಟೂರಿನ ಒಂದು ಶೇಂಗಾ ಖರೀದಿ ಅಂಗಡಿಯಿಂದ ಶುರುವಾಗಿ, ಎಣ್ಣೆ ಗಿರಣಿಯಾಗಿ, ಈಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲೆಲ್ಲ ಗೋದಾಮು, ಗಿರಣಿ, ಕೋಳಿ ಆಹಾರದ ಕಾರ್ಖಾನೆ ಇರುವ ಕಂಪನಿ ಅದು. ಅಣ್ಣತಮ್ಮ ಇಬ್ಬರೂ ಇಂದಿಗೂ ಒಂದೇ ಗಾದಿಯ ಮೇಲೆ ಕೂರುತ್ತಾರೆ, ಒಂದೇ ಚೆಕ್ಕಿಗೆ ಇಬ್ಬರೂ ಸಹಿ ಹಾಕುತ್ತಾರೆ. ಆದರೆ ಒಬ್ಬರಿಗೊಬ್ಬರು ಮಾತು ಬಿಟ್ಟು ಒಂದು ತಲೆಮಾರೇ ಆಗಿದೆ. ಏನೇ ಇದ್ದರೂ ಮೂರನೆಯವರ ಮೂಲಕವೇ ಹೇಳಬೇಕು. ಗಾದಿಯ ಪಕ್ಕದಲ್ಲಿ ಅದಕ್ಕೆಂದೇ ಯಾರಾದರೊಬ್ಬರು ಕೂತಿರುತ್ತಾರೆ. ಆ ದಿನ ಆ ಕೆಲಸ ನನಗೆ ಬಂದಿತ್ತು.

ನಾನು ಶಾಲೆಯಲ್ಲಿ ಪಾಠ ಹೇಳಿದವನಲ್ಲ. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ ಮಾಡಿಕೊಟ್ಟು ಬದುಕುವವನು. ಬರೆಯುವವರೆಲ್ಲ ನಮ್ಮ ಕಡೆ ಮೇಷ್ಟ್ರೇ ಆದ್ದರಿಂದ ನಾನೂ ಮೇಷ್ಟ್ರಾಗಿದ್ದೇನೆ. ಇನ್ನೊಬ್ಬರ ಮನೆಯ ಸುದ್ದಿ ಎಂದರೆ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ. ಇದನ್ನು ಚಟ ಎನ್ನುವ ನನ್ನ ಹೆಂಡತಿಯೇ ಆ ಚಟದಿಂದ ಮನೆಗೆ ಅಕ್ಕಿ ಬರುತ್ತದೆ ಎಂಬುದನ್ನೂ ಒಪ್ಪುತ್ತಾಳೆ.

ಮಂಡಳಿಯಲ್ಲಿ ನಾವು ಮೂವರು. ಹಗರಿಬೊಮ್ಮನಹಳ್ಳಿ, ಹಡಗಲಿ ನೋಡಿಕೊಳ್ಳುವ ದೊಡ್ಡ ಯಜಮಾನರ ಮಗ, ಹರಪನಹಳ್ಳಿಯ ಕೋಳಿ ಆಹಾರದ ಕಾರ್ಖಾನೆ ನಡೆಸುವ ಸಣ್ಣ ಯಜಮಾನರ ಮಗಳು, ಮತ್ತು ನಾನು. ಅವರಿಬ್ಬರಿಗೂ ಮಾತಿರಲಿಲ್ಲ. ಹಿರಿಯರದಾದರೂ ಒಂದು ಗಾಂಭೀರ್ಯದ ಮೌನ. ಇವರದು ಮುಖ ಕಂಡರೆ ಕೋಣೆ ಬಿಡುವ ಜಾತಿಯದು.

ಸಭೆ ಮುಗಿದ ಮೇಲೆ ಮಗಳು ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು.

“ಮೇಷ್ಟ್ರೇ, ನಿಮಗ ಒಂದು ಮಾತು ಗೊತ್ತಿರಲಿ. ಪಾಲಿನ ಪತ್ರ ವಕೀಲರ ಹತ್ರ ತಯಾರಾಗೈತಿ. ಅದರಾಗ ಹರಪನಹಳ್ಳಿ ದೊಡ್ಡಪ್ಪನ ಕಡಿಗಿ ಹೋಗೈತಿ. ಅದನ್ನ ತಳಪಾಯದಿಂದ ಕಟ್ಟಿದಾಕಿ ನಾನು.”

“ಅದಕ್ಕೂ ಈ ಪುಸ್ತಕಕ್ಕೂ ಏನಮ್ಮ ಸಂಬಂಧ?”

“ಎರಡೂ ಮನಿಯವರು ಒಂದು ಚರಿತ್ರಿಗೆ ಒಪ್ಪಿ ಸಹಿ ಹಾಕಿದ್ರ ಪಾಲು ಬ್ಯಾಡ ಅಂತ ನಮ್ಮಪ್ಪ ಅಂದಾನ. ದೊಡ್ಡಪ್ಪನೂ ಹೂಂ ಅಂದಾನ. ಪುಸ್ತಕ ಎರಡಾದ್ರ ಕಂಪನಿನೂ ಎರಡು. ಅಷ್ಟ ನೋಡ್ರಿ.”

ಅಭಿನಂದನ ಗ್ರಂಥಗಳಲ್ಲಿ ಇಂಥ ತೂಕ ಇರುವುದಿಲ್ಲ. ಅಲ್ಲಿ ಫೋಟೋ ಚೆನ್ನಾಗಿ ಬಂದರೆ ಎಲ್ಲರೂ ಖುಷಿ. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಕುತೂಹಲವೂ ಆಯಿತು.

ಕೆಲಸದ ಕ್ರಮ ಹೀಗಿತ್ತು. ಮೂವರೂ ತಮ್ಮ ತಮ್ಮ ಕಂಪ್ಯೂಟರಿನಿಂದ ತೆರೆಯಬಹುದಾದ ಒಂದೇ ಕಡತ. ನಾನು ಕರಡು ಬರೆಯುವುದು, ಮಗ ಕೆಂಪು ಅಕ್ಷರದಲ್ಲಿ, ಮಗಳು ಹಸಿರಿನಲ್ಲಿ ತಿದ್ದುವುದು. ಯಾವ ಸಂಗತಿಯಾದರೂ ಎರಡು ಊರಿನ ಇಬ್ಬರ ಬಾಯಲ್ಲಿ ಬರಬೇಕು. ಹೇಳಿದವರನ್ನು ನೇರವಾಗಿ ಕೇಳಿ ಖಾತ್ರಿ ಮಾಡಿಕೊಂಡ ಮೇಲಷ್ಟೇ ಪುಸ್ತಕದೊಳಕ್ಕೆ. ಈ ನಿಯಮ ಮಾಡಿದವನು ನಾನೇ, ಬಹಳ ಜಂಬದಿಂದ.

ಮೊದಲ ವಾಕ್ಯವೇ ಹೊರಬರಲಿಲ್ಲ. “ಅಣ್ಣ ತಮ್ಮನನ್ನು ಜೊತೆಗೆ ಕರೆದುಕೊಂಡು ಅಂಗಡಿ ತೆರೆದರು” ಎಂದು ಬರೆದೆ. ಅದು ಹಸಿರಿನಲ್ಲಿ, “ಇಬ್ಬರೂ ಸೇರಿ ತೆರೆದರು” ಎಂದಾಯಿತು. ಕೆಂಪು ಬಂದು, “ಬಂಡವಾಳ ಯಾರದು?” ಎಂದು ಕೇಳಿತು. ಹಸಿರು ಬಂದು, “ಗಿರಾಕಿ ತಂದವರು ಯಾರು?” ಎಂದಿತು. ನಾನು ಸೋತು, “ಅಂಗಡಿಯನ್ನು ತೆರೆಯಲಾಯಿತು” ಎಂದು ಬರೆದೆ. ಇಬ್ಬರೂ ಒಪ್ಪಿದರು. ಆಮೇಲೆ ಗಿರಣಿಯನ್ನು ಕಟ್ಟಲಾಯಿತು, ಯಂತ್ರವನ್ನು ತರಲಾಯಿತು, ಹಡಗಲಿಗೆ ಹೋಗಲಾಯಿತು. ಒಂದು ಅಧ್ಯಾಯ ಪೂರ್ತಿ ಮನುಷ್ಯರೇ ಇಲ್ಲದೆ ಕಂಪನಿ ಬೆಳೆದುಬಿಟ್ಟಿತು. ಓದಿ ನೋಡಿದರೆ ಭೂತಗಳು ಶೇಂಗಾ ವ್ಯಾಪಾರ ಮಾಡಿದ ಹಾಗಿತ್ತು.

ಫೋಟೋಗಳದು ಇನ್ನೊಂದು ಕಥೆ. ಗಿರಣಿಯ ಪೂಜೆಯ ಫೋಟೋದಲ್ಲಿ ತೆಂಗಿನಕಾಯಿ ಅಣ್ಣನ ಕೈಯಲ್ಲಿತ್ತು, ಆದರೆ ಕಣ್ಣಿಗೆ ಬೀಳುವುದು ನಗುತ್ತಿದ್ದ ತಮ್ಮ. ಮಗ ಆ ಫೋಟೋದ ಬಲಭಾಗ ಕತ್ತರಿಸಿ ಕಳಿಸಿದ. ಮಗಳು ಎಡಭಾಗ ಕತ್ತರಿಸಿ ಕಳಿಸಿದಳು. ನನ್ನ ಹತ್ತಿರ ಎರಡು ಅರ್ಧ ಪೂಜೆಗಳಿದ್ದವು. ಕಡತದ ಹೆಸರು ಮೊದಲು “ಅಂತಿಮ” ಇತ್ತು, ನಂತರ “ನಿಜವಾದ ಅಂತಿಮ” ಆಯಿತು, ಆಮೇಲೆ ಯಾರೋ “ಇದೇ ಅಂತಿಮ, ಮುಟ್ಟಬೇಡಿ” ಎಂದು ಹೆಸರಿಟ್ಟರು. ಅದನ್ನೂ ಮುಟ್ಟಿದರು.

ಒಂದು ದಿನ ಹಗರಿಬೊಮ್ಮನಹಳ್ಳಿಯ ಕಚೇರಿಗೆ ಹೋದಾಗ ಮಗನ ಎದುರು ದಾವಣಗೆರೆಯಿಂದ ಬಂದ ಇನ್ನೊಬ್ಬ ಬರಹಗಾರರು ಕೂತಿದ್ದರು. ನನ್ನ ಕಸುಬಿನವರೇ, ಪರಿಚಯದವರೇ. ನನ್ನನ್ನು ನೋಡಿ ಎಲೆಯಡಿಕೆ ಹುಡುಕುವವರ ಹಾಗೆ ಚೀಲದೊಳಕ್ಕೆ ತಲೆ ಹಾಕಿದರು. ಮಗ ಏನನ್ನೂ ಮುಚ್ಚಿಡಲಿಲ್ಲ.

“ಒಂದು ಪುಸ್ತಕ ಆಗೂದಿಲ್ರಿ ಮೇಷ್ಟ್ರೇ. ನಾನು ನಮ್ಮ ಮನಿದು ಬ್ಯಾರೆ ಬರಸ್ತೀನಿ. ನಿಮ್ಮ ಮ್ಯಾಲ ಸಿಟ್ಟಿಲ್ಲ.”

ಆಗ ನನಗೆ ಮಾತ್ರ ಸಿಟ್ಟು ಬಂತು. ಇಷ್ಟು ದಿನ ನಾವು ಎಲ್ಲವನ್ನೂ ಬರೆದಿದ್ದೆವು. ಎಲ್ಲದರ ಬುಡದಲ್ಲಿದ್ದ ಒಂದೇ ಒಂದು ವಿಷಯವನ್ನು ಬಿಟ್ಟಿದ್ದೆವು.

“ಹೋಗಲಿ ಬಿಡಿ. ಒಂದು ಪ್ರಶ್ನೆ ಕೇಳ್ತೀನಿ, ಬೇಜಾರಾಗಬೇಡಿ. ನಿಮ್ಮ ತಂದೆ, ನಿಮ್ಮ ಸಣ್ಣಪ್ಪ ಮಾತು ಬಿಟ್ಟದ್ದು ಯಾಕೆ?”

ಅವನು ಪೆನ್ನನ್ನು ಮೇಜಿನ ಮೇಲೆ ಉರುಳಿಸಿದ. ಬೈಯುತ್ತಾನೆ ಅಂದುಕೊಂಡೆ.

“ನನಗೂ ಗೊತ್ತಿಲ್ರಿ,” ಎಂದ. “ನಾ ಹುಟ್ಟಿದಾಗಿಂದ ಹಿಂಗ ಐತಿ. ಕೇಳಿದ್ರ ಅಪ್ಪ ಎದ್ದು ಹೋಗ್ತಾನ.”

“ಹಾಗಾದರೆ ಅದನ್ನೇ ಮೊದಲು ಹುಡುಕೋಣ. ಅಲ್ಲಿತನಕ ಇನ್ನೊಂದು ಪುಸ್ತಕ ನಿಲ್ಲಿಸಿ.”

ನಿಲ್ಲಿಸಿದ. ಅವನಿಗೂ ನನ್ನ ರೋಗವೇ ಸ್ವಲ್ಪ ಅಂಟಿತ್ತು ಅಂತ ಕಾಣುತ್ತದೆ. ಮಗಳಿಗೆ ಫೋನು ಮಾಡಿದರೆ ಅವಳೂ, “ಹುಡುಕ್ರಿ, ಆದ್ರ ಬರಿಯೂ ಮುಂಚೆ ನನಗ ಹೇಳ್ರಿ” ಎಂದಳು.

ಮುಂದಿನ ವಾರಗಳಲ್ಲಿ ನಾನು ಬಸ್ಸು ಹತ್ತಿ ಐದೂ ಊರು ತಿರುಗಿದೆ. ಜಗಳದ ಕಾರಣ ಕೇಳಿದರೆ ಎಲ್ಲರೂ ಗೊತ್ತೆಂದೇ ಹೇಳಿದರು. ಕೂಡ್ಲಿಗಿಯ ಹಳೆಯ ಲಾರಿ ಚಾಲಕರೊಬ್ಬರ ಪ್ರಕಾರ ಅದು ಲಾರಿ ಕೊಳ್ಳುವ ವಿಷಯಕ್ಕೆ ಆದದ್ದು. ಅಣ್ಣನಿಗೆ ಎತ್ತಿನ ಗಾಡಿಯೇ ಸಾಕಾಗಿತ್ತಂತೆ. ಹಂಪಸಾಗರದಲ್ಲಿ ಒಬ್ಬ ಅಜ್ಜ ಗಿರಣಿಗೆ ಹೊಳೆಯ ದಂಡೆ ಬೇಕೋ ಊರೊಳಗೆ ಬೇಕೋ ಎಂಬ ಜಗಳವೆಂದು ಆಣೆ ಮಾಡಿದ. ಹಡಗಲಿಯ ಮಲ್ಲಿಗೆ ತೋಟದ ಅಜ್ಜಿಯೊಬ್ಬಳು ಕಟ್ಟೆಗೆ ಆನಿಕೊಂಡು, “ಹೆಣ್ಣು ತರೂ ಮಾತಿಗ್ಯಪ್ಪ. ಮತ್ಯಾತಕ್ಕ ಅಣ್ಣತಮ್ಮಂದಿರು ಮಾತು ಬಿಡ್ತಾರ?” ಎಂದು ನನ್ನನ್ನೇ ಗದರಿದಳು. ಬಾಗಳಿಯ ಕಲ್ಲೇಶ್ವರ ಗುಡಿಯ ಹೊರಗೆ ಸಿಕ್ಕ ಮೆಕ್ಕೆಜೋಳದ ರೈತನೊಬ್ಬ ಒಂದು ಜೋಡಿ ಎತ್ತಿಗಾಗಿ ಎಂದು ಅವುಗಳ ಹೆಸರು, ಬಣ್ಣ ಸಮೇತ ಹೇಳಿದ. ಎರಡು ಊರಿನ ಇಬ್ಬರು ಒಂದೇ ಕಾರಣ ಹೇಳಬೇಕೆಂಬ ನನ್ನ ನಿಯಮ ಎಲ್ಲೂ ನಿಲ್ಲಲಿಲ್ಲ.

ಹರಪನಹಳ್ಳಿಯಿಂದ ಕೊಟ್ಟೂರಿಗೆ ವಾಪಸು ಬರುವ ಬಸ್ಸಿನಲ್ಲಿ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ರೆಕಾರ್ಡು ಮಾಡಿಕೊಂಡಿದ್ದ ಆ ಧ್ವನಿಗಳನ್ನು ಮತ್ತೊಮ್ಮೆ ಕೇಳುತ್ತಾ ಕೂತೆ. ಒಂದು ವಿಷಯ ಆಗ ಗಮನಕ್ಕೆ ಬಂತು. ಕಾರಣ ಬೇರೆ ಬೇರೆ ಇದ್ದರೂ ಪ್ರತಿಯೊಬ್ಬರೂ ಕೊನೆಗೆ ಒಂದೇ ಜಾಗಕ್ಕೆ ಬಂದು ನಗುತ್ತಿದ್ದರು. ಅವರ ಜಗಳದಿಂದ ತನಗೆ ಲಾಭವಾಯಿತು ಎಂದು ನಗು. ಗಾದಿಯ ಮೇಲೆ ದೊಡ್ಡಣ್ಣ ಕಡಿಮೆ ರೇಟು ಹೇಳಿದನಂತೆ, ಸಣ್ಣಣ್ಣ ಮುಖ ಸಿಂಡರಿಸಿ ಎದ್ದು ಹೋದನಂತೆ, ಹೋಗುವಾಗ ಕಣ್ಣು ಮಿಟುಕಿಸಿದನಂತೆ. ಇವರು ಗಾಡಿಯನ್ನು ಹಿಂದಿನ ಬಾಗಿಲಿಗೆ ತಿರುಗಿಸಿ, ಅಣ್ಣನ ಕಣ್ಣು ತಪ್ಪಿಸಿ, ತಮ್ಮನಿಗೆ ಒಂಚೂರು ಹೆಚ್ಚಿನ ರೇಟಿಗೆ ಹಾಕಿ ಬಂದರಂತೆ.

ನನ್ನ ಅಪ್ಪನೂ ಇದನ್ನೇ ಹೇಳುತ್ತಿದ್ದ. ಕೂಡ್ಲಿಗಿ ಕಡೆಯ ನಮ್ಮ ಊರಿನಿಂದ ಶೇಂಗಾ ಹೇರಿಕೊಂಡು ಕೊಟ್ಟೂರಿಗೆ ಹೋಗಿ ಬಂದ ದಿನ ಅವನ ನಡಿಗೆಯೇ ಬೇರೆ ಇರುತ್ತಿತ್ತು. “ದೊಡ್ಡಣ್ಣಗ ಗೊತ್ತಾಗದಂಗ ಸಣ್ಣಣ್ಣಗ ಹಾಕಿ ಬಂದೆ” ಎಂದು ಅವ್ವನ ಮುಂದೆ ಮೀಸೆ ತಿರುವುತ್ತಿದ್ದ. ಊರಿಗೆ ಊರೇ ಹೀಗೆ ಗೆದ್ದು ಬಂದಿದ್ದರೆ, ಸೋತವರು ಯಾರು? ಜಗಳವಾಡಿದ ಅಂಗಡಿ ಮುಳುಗಬೇಕಿತ್ತು. ಅದು ಐದು ಊರಿಗೆ ಹಬ್ಬಿತ್ತು.

ಕೊಟ್ಟೂರಿನಲ್ಲಿ ಇಳಿದವನೇ ಆ ಕಾಲದಲ್ಲಿ ಇವರ ಎದುರು ಅಂಗಡಿ ಇಟ್ಟುಕೊಂಡಿದ್ದ ಹಳೆಯ ವ್ಯಾಪಾರಿಯ ಮನೆಗೆ ಹೋದೆ. ಸಣ್ಣಣ್ಣ ಹಿಂದಿನ ಬಾಗಿಲಲ್ಲಿ ಕೊಡುತ್ತಿದ್ದ ರೇಟು ನಿಮ್ಮ ರೇಟಿಗಿಂತ ಹೆಚ್ಚಿರುತ್ತಿತ್ತೇ ಎಂದು ಕೇಳಿದೆ. ಮುದುಕ ಹಲ್ಲಿಲ್ಲದ ಬಾಯಲ್ಲಿ ಕೇಕೆ ಹಾಕಿ ನಕ್ಕ.

“ಹೆಚ್ಚು? ನಮಗಿಂತ ಯಾವಾಗ್ಲೂ ಒಂದು ಕೂದಲೆಳಿ ಕಮ್ಮೀನ. ಆದ್ರ ನಮ್ಮ ಅಂಗಡಿಗಿ ಬಂದು ಕೇಳವರು ಯಾರ್ರಿ? ಕದ್ದು ಸಿಕ್ಕಿದ್ದು ರುಚಿ ಅನ್ಕಂಡು ಎಲ್ಲರೂ ಅಲ್ಲೇ ಹಾಕಿ ಹೋಗ್ತಿದ್ರು.”

ನನಗೆ ಮೈ ಉರಿಯಿತು. ಅಪ್ಪನ ಮೀಸೆ ಕಣ್ಣ ಮುಂದೆ ಬಂತು. ಚಹಾ ಬೇಡವೆಂದು ಎದ್ದು ಬಂದೆ. ಬೀದಿ ತುದಿ ಮುಟ್ಟುವಷ್ಟರಲ್ಲಿ ನಗುವೂ ಬಂತು, ಯಾಕೆಂದರೆ ಮೋಸ ಹೋದ ದಿನಗಳಲ್ಲೇ ಅಪ್ಪ ಅತ್ಯಂತ ಸುಖವಾಗಿದ್ದದ್ದು. ಇದ್ದಿದ್ದರೆ ಅವನಿಗೆ ಹೇಳುತ್ತಿದ್ದೆನೋ ಇಲ್ಲವೋ, ಈಗಲೂ ತೀರ್ಮಾನವಾಗಿಲ್ಲ.

ನಿಯಮದ ಪ್ರಕಾರ ನೇರವಾಗಿ ಕೇಳಬೇಕಿತ್ತು. ದೊಡ್ಡ ಯಜಮಾನರನ್ನು ಒಂಟಿಯಾಗಿ ಹಿಡಿದೆ. “ಅವನ್ನ ಕೇಳ್ರಿ” ಎಂದರು. ಸಣ್ಣ ಯಜಮಾನರನ್ನು ಕೇಳಿದೆ. “ಅಣ್ಣ ಹೇಳಿದ್ರ ನಾನೂ ಹೇಳ್ತೀನಿ” ಎಂದರು. ಆಗ ನಾನು ಕೆಂಪು, ಹಸಿರು ಯಾವುದನ್ನೂ ಕಾಯದೆ ನನಗೆ ತೋಚಿದ್ದನ್ನೆಲ್ಲ ಒಂದು ಅಧ್ಯಾಯವಾಗಿ ಬರೆದೆ. ಅದನ್ನು ಕಡತಕ್ಕೆ ಏರಿಸಲಿಲ್ಲ. ಮಗಳಿಗೆ ಮೊದಲೇ ಹೇಳುತ್ತೇನೆಂಬ ಮಾತಿತ್ತಲ್ಲ, ಹಾಗಾಗಿ ಅವಳಿಗೆ ಫೋನಿನಲ್ಲಿ ಇಷ್ಟೇ ಹೇಳಿದೆ: “ಇದನ್ನು ನಾಲ್ವರೂ ಒಟ್ಟಿಗೆ ಕೇಳಬೇಕು. ಹಳೆಯ ಅಂಗಡಿಯಲ್ಲಿ ಸೇರಿಸಮ್ಮ.” ಅವಳು ಧೈರ್ಯ ಮಾಡಿ ಸೇರಿಸಿದಳು.

ಹಳೆಯ ಅಂಗಡಿಯ ಗಾದಿ ಇನ್ನೂ ಹಾಗೇ ಇದೆ. ಅಣ್ಣತಮ್ಮ ಇಬ್ಬರೂ ತಂತಮ್ಮ ಜಾಗದಲ್ಲಿ ಕೂತರು, ನಾನು ನಡುವೆ. ಮಗ ಬಾಗಿಲಿಗೆ ಒರಗಿ ನಿಂತ. ಮಗಳು ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡು ಗೋಡೆಯ ಬದಿಗೆ ಕೂತಳು. ನಾನು ಓದಿದೆ. ಹಿಂದಿನ ಬಾಗಿಲಿನ ಜಾಗಕ್ಕೆ ಬಂದಾಗ ದೊಡ್ಡ ಯಜಮಾನರ ಹೊಟ್ಟೆ ಕುಣಿಯತೊಡಗಿತು. ನಗು ಕೆಮ್ಮಾಯಿತು, ನೀರು ಕೊಡಬೇಕಾಯಿತು.

“ಮೇಷ್ಟ್ರಿಗೆ ಇದನ್ನ ಹೇಳ್ದಾಂವ ನೀನೇನು ಅಂತ ಕೇಳ್ರಿ ಅವನಿಗೆ.”

“ನಾನಲ್ಲ ಅಂತ ಹೇಳ್ರಿ,” ಎಂದರು ತಮ್ಮ. ಅವರೂ ನಗುತ್ತಿದ್ದರು.

“ಹಂಗಾದ್ರ ಖರೇನಾ?” ಎಂದೆ.

ದೊಡ್ಡ ಯಜಮಾನರು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು. “ಇಬ್ರೂ ಒಂದ ಮಾತು ಆಡಿದ್ರ ರೈತ ಮುಂದಿನ ಅಂಗಡಿಗಿ ಹೋಗ್ತಿದ್ದ. ಜಗಳಾಡಿದ್ರ ನಿಂತು ನೋಡ್ತಿದ್ದ. ನೋಡಾಂವ ಎಲ್ಲಿ ಹೋಗ್ತಾನ? ಮಾಲು ಇಲ್ಲೇ ಬೀಳ್ತಿತ್ತು. ಮೋಸ ಅಂತ ಬರೀತೀರೇನು, ಬರೀರಿ. ಮೋಸನ ಅದು.”

“ನಾಟಕ ಸಂತಿ ದಿನಕ್ಕ ಮಾತ್ರ ಅಂತ ಮಾಡಿದ್ವಿ,” ಎಂದರು ಸಣ್ಣ ಯಜಮಾನರು. “ಆದ್ರ ಹಮಾಲರೆಲ್ಲ ರೈತರ ಮನಿಯವರು. ಮನ್ಯಾಗ ನಕ್ಕೊಂತ ಮಾತಾಡಿದ್ದು ಕಂಡ್ರ ಸಂತ್ಯಾಗ ಗೊತ್ತಾಗೂದು. ಮನ್ಯಾಗೂ ಬಿಟ್ವಿ. ಹೆಂಗಸರಿಗೂ ಹೇಳಿದ್ದಿಲ್ಲ. ಅವರು ಖರೇ ಅಂತ ತಿಳಕೊಂಡು ಒಲಿ ಬ್ಯಾರೆ ಮಾಡಿದ್ರು. ಬಳ್ಳಾರಿಗೆ ಹೋಗುವಾಗ ಕಾರಿನ್ಯಾಗ ಇಬ್ರೂ ಮಾತಾಡ್ತಿದ್ವಿ. ಆಮ್ಯಾಲೆ ಕಾರೂ ಬ್ಯಾರೆ ಆದವು.”

“ಈಗ ಸಂತೆಯಲ್ಲಿ ಚೌಕಾಶಿಯೇ ಇಲ್ಲವಲ್ಲ,” ಎಂದೆ ನಾನು. “ಮಾರುಕಟ್ಟೆ ಸಮಿತಿಯ ಹರಾಜು ಬಂದು ಎಷ್ಟು ಕಾಲವಾಯಿತು. ಆಮೇಲಾದರೂ ಬಿಡಬಹುದಿತ್ತಲ್ಲ?”



“ಯಾವಾಗ ಹಿಡಿಯೂದು ಅಂತ ಮಾತಾಡ್ಕಂಡಿದ್ವಿ ಮೇಷ್ಟ್ರೇ,” ಎಂದರು ದೊಡ್ಡವರು. “ಯಾವಾಗ ಬಿಡೂದು ಅಂತ ಮಾತಾಡಿದ್ದಿಲ್ಲ. ಅದನ್ನ ಮಾತಾಡಬೇಕಂದ್ರ ಮಾತಿರಬೇಕಲ್ಲ.”

ನನ್ನ ಹುಡುಕಾಟ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಗಳ ಮುಖ ಅರಳಿತ್ತು. “ಹಂಗಾದ್ರ ಜಗಳನ ಇಲ್ಲ! ಪಾಲು ಯಾತಕ್ಕ ಮತ್ತ? ಸಹಿ ಹಾಕ್ರಿ ಎಲ್ಲರೂ” ಎಂದಳು. ಬಾಗಿಲಲ್ಲಿ ನಿಂತಿದ್ದ ಮಗ ಮಾತ್ರ ನಕ್ಕಿರಲಿಲ್ಲ.

“ಅವರದು ಸುಳ್ಳು ಜಗಳಂತ, ಆತು,” ಎಂದ ನನಗೆ. “ನಮ್ದು ಖರೇ ಐತಲ್ರಿ. ಅದನ್ನೇನು ಮಾಡ್ತೀರಿ?”

ಅವನೇ ಮುಂದುವರಿಸಿದ.

“ನನ್ನ ಮದುವ್ಯಾಗ ಆ ಮನಿಯಿಂದ ಒಬ್ರೂ ಬಂದು ಅಕ್ಷತಿ ಹಾಕಿಲ್ಲ. ನಾನು, ಈಕಿ ಸಾಲಿಗಿ ಒಂದ ಬಸ್ಸಿನ್ಯಾಗ ಹೋಗ್ತಿದ್ವಿ. ನೋಡಿದ್ರ ಅಪ್ಪಗ ದ್ರೋಹ ಮಾಡಿದಂಗ ಅಂತ ನಾನು ಕಿಟಕಿ ಕಡಿಗಿ ಮುಖ ಮಾಡಿ ಕುಂದರ್ತಿದ್ದೆ. ಈಕಿ ಅವ್ವ ತೀರಿಕೊಂಡಾಗ ಓಣಿ ತುದಿತನಕ ಹೋಗಿ ಹೊಳ್ಳಿ ಬಂದೀನಿ. ನೀವು ಇಬ್ರೂ ಈಗ ನಕ್ಕೊಂತ ಕುಂತೀರಿ.” ಕೊನೆಯ ಮಾತನ್ನು ನೇರವಾಗಿ ಹಿರಿಯರಿಗೇ ಹೇಳಿದ. “ಅದನ್ನೂ ಬರೀರಿ ಮೇಷ್ಟ್ರೇ. ಬರದ್ರ ಒಂದ ಪುಸ್ತಕಕ್ಕ ಸಹಿ ಹಾಕ್ತೀನಿ. ಇಲ್ಲಂದ್ರ ಎರಡು.”

ದೊಡ್ಡ ಯಜಮಾನರು ಗಾದಿಯ ಮೇಲಿನ ಬಟ್ಟೆಯ ಮಡಿಕೆಯನ್ನು ಬೆರಳಲ್ಲಿ ತೀಡುತ್ತಿದ್ದರು. ಆಮೇಲೆ, “ಬರೀಲಿ ಅಂತೀನಿ. ಅವನೇನಂತಾನ ಕೇಳ್ರಿ” ಎಂದರು. ನಾನು ಸಣ್ಣ ಯಜಮಾನರತ್ತ ತಿರುಗಿದೆ. ಅವರು ತಲೆ ತಗ್ಗಿಸಿಕೊಂಡೇ ಕೈ ಎತ್ತಿ ಹೂಂ ಎಂದು ಸನ್ನೆ ಮಾಡಿದರು.

ಮಗಳು ಕಂಪ್ಯೂಟರ್ ತೆರೆದಳು. ಬೆರಳುಗಳು ಕೀಲಿಗಳ ಮೇಲೆ ನಿಂತೇ ಇದ್ದವು. ಬರೆಯುವ ಮುಂಚೆ ಹೇಳಿದವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಅವಳು ನನ್ನನ್ನು ನೋಡಿದಳು. ನಾನು ಬೇಕೆಂದೇ ಮುಖ ತಿರುಗಿಸಿಕೊಂಡೆ.

“ಅಣ್ಣಾ,” ಎಂದಳು. “ಅವ್ವ ಹೋದ ದಿನ ನೀನು ಬಂದಿದ್ದೇನು?”

“ಬಂದಿದ್ದೆ ಅಂತ ಹೇಳ್ರಿ,” ಎಂದ ಅವನು, ನನಗೆ.

ನಾನು ಹೇಳಲಿಲ್ಲ. ಗಾದಿಯಿಂದ ಎದ್ದು, ಆ ಇಬ್ಬರು ಹಿರಿಯರ ನಡುವೆ ಜಾಗ ಬಿಟ್ಟು, ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತೆ. ಅವನ ಮಾತು ದಾಟಿಸಲು ಬೇರೆ ಯಾರೂ ಇರಲಿಲ್ಲ. ಕೊನೆಗೆ ಬಾಗಿಲಿನಿಂದ ಬೆನ್ನು ತೆಗೆದ.

“ಬಂದಿದ್ದೆ, ತಂಗಿ. ಬೇವಿನ ಗಿಡದ ತಾವ ನಿಂತಿದ್ದೆ. ನೀನು ಕಟ್ಟಿ ಮ್ಯಾಲ ಕುಂತಿದ್ದಿ.”

“ಒಳಗ ಬರಬೇಕಿತ್ತು,” ಎಂದಳು ಅವಳು.